ಕದ್ದ ಮರಿಗೆ ಮದ್ದು

ಶಿರಸಿ
೧೨ ನವೆಂಬರ್ ೨೦೦೩

ಪ್ರೀತಿಯ ಭಾಗಿ,

ನೀನು ಬಂದುಹೋದ ಮಾರನೆಯ ದಿನವೇ ಬರೆಯಬೇಕಿತ್ತು. ಹೇಗೆ ಹೇಳುವುದೆಂದು ತಿಳಿಯದೆ ಎರಡು ಇನ್‌ಲ್ಯಾಂಡ್ ಹಾಳು ಮಾಡಿದೆ, ತಡವಾಯಿತೆಂದು ಬೈಯಬೇಡ. ಫೋನು ಮಾಡಬಹುದಿತ್ತು, ಆದರೆ ಮಂಚಿಕೇರಿಯ ನಿಮ್ಮ ಮನೆಯ ಫೋನು ಇರುವುದು ಜಗಲಿಯಲ್ಲಿ. ಈ ವಿಷಯ ನಿನ್ನ ಅತ್ತೆಯ ಕಿವಿಗೆ ಬಿದ್ದರೆ ನಿನ್ನ ಮರ್ಯಾದೆ ಏನಾದೀತು? ನಾವಿಬ್ಬರೂ ಆರಾಮ. ನೀನು ತಂದ ಹಲಸಿನ ಹಪ್ಪಳ ಮುಗಿದಿದೆ, ಇವರು ಮಾತ್ರ ದಿನವೂ ಡಬ್ಬ ಅಲ್ಲಾಡಿಸಿ ನೋಡುತ್ತಾರೆ.

ಅವತ್ತು ಊಟವಾದ ಮೇಲೆ "ಆನು ಒಂಚೂರು ಹಿತ್ಲಕಡೆ ಹೋಗಿ ಬತ್ತೆ" ಎಂದು ಎದ್ದೆಯಲ್ಲ, ಆಗ ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಬಚ್ಚಲಿನ ಹಿಂದೆ ತೂಗುಹಾಕಿದ್ದ ನೇರಳೆ ಆರ್ಕಿಡ್ಡಿನ ಮರಿಯನ್ನು ಮುರಿದು, ಬಾಳೆಎಲೆಯಲ್ಲಿ ಸುತ್ತಿ ಚೀಲದ ತಳಕ್ಕೆ ಇಳಿಸಿದ್ದನ್ನು ಕಂಡೆ. ಕದ್ದ ಗಿಡ ಹುಲುಸಾಗಿ ಬರುತ್ತದೆ ಎನ್ನುವುದು ನಮ್ಮ ಅಜ್ಜಿಯಂದಿರ ಕಾಲದ ಮಾತು. ನನ್ನ ಅಂಗಳದ ಅರ್ಧ ಗಿಡ ನಿನ್ನ ಹಿತ್ತಲಿನವೇ, ಯಾವುದಕ್ಕೂ ನಿನ್ನ ಅಪ್ಪಣೆ ಕೇಳಿದವಳಲ್ಲ ನಾನು. ಅದಕ್ಕೇ ನಕ್ಕು ಸುಮ್ಮನಾದೆ. ನೀನು ಬಸ್ಸು ಹತ್ತಿ ಹೋದ ಮೇಲಷ್ಟೇ ನೆನಪಾಯಿತು. ಆ ಕುಂಡವನ್ನು ಬೇರೆ ಗಿಡಗಳಿಂದ ದೂರ ತೂಗಿದ್ದೇ ಅದಕ್ಕೆ ರೋಗ ಬಂದಿದೆಯೆಂದು. ಕಳ್ಳಿ, ಅಷ್ಟು ಗಿಡ ಬಿಟ್ಟು ನಿನಗೆ ಅದೇ ಬೇಕಾಯಿತೆ.

ಆ ಮರಿಯನ್ನು ನಿನ್ನ ಜಗಲಿಯ ಸೀತಾಳೆ ಗಿಡಗಳ ಸಾಲಿನಲ್ಲಿ ತೂಗಿದ್ದರೆ ಈಗಲೇ ಎದ್ದು ಇಳಿಸು, ಪತ್ರ ಆಮೇಲೆ ಓದು. ಕಾಡಿನಲ್ಲಿ ಬಿದ್ದ ಕೊಂಬೆಗಳಿಂದ ಒಂದೊಂದಾಗಿ ಬಿಡಿಸಿ ತಂದು ಸಾಕಿದ ಕಾಡು ಆರ್ಕಿಡ್ಡುಗಳು ಅವು. ನನ್ನ ಮನೆಯ ಮರಿಯ ದೆಸೆಯಿಂದ ಅಷ್ಟೂ ಹೋದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ.

ಮದ್ದಿಗೆಂದು ಪೇಟೆಗೆ ಹೋಗಬೇಕಿಲ್ಲ. ಎಲೆಯ ಬುಡದಲ್ಲಿ ಹತ್ತಿಯ ಹಾಗೆ ಬಿಳಿ ಕಂಡರೆ ಅದು ಹಿಟ್ಟು ತಿಗಣೆ. ಅಂಟುವಾಳಕಾಯಿ ನೆನೆಸಿ ಕಿವುಚಿ, ಆ ನೊರೆನೀರಿನಲ್ಲಿ ಹಳೆಯ ಪಂಚೆಯ ಚೂರು ಅದ್ದಿ ಎಲೆಯಡಿ, ಸಂದಿ ಎಲ್ಲ ಒರೆಸು. ವಾರ ಬಿಟ್ಟು ಮತ್ತೆ ಒರೆಸು, ಮೊಟ್ಟೆ ಉಳಿದಿರುತ್ತವೆ. ಇರುವೆ ಹತ್ತಲು ಬಿಡಬೇಡ, ಅವೇ ತಿಗಣೆಯನ್ನು ಹೊತ್ತು ಹರಡುವುದು. ಕಪ್ಪು ಕೊಳೆ ಕಂಡರೆ ಬ್ಲೇಡನ್ನು ಬೆಂಕಿಗೆ ಹಿಡಿದು, ಹಸಿರು ಕಾಣುವ ತನಕ ಕತ್ತರಿಸು. ಮುಂದಿನದನ್ನು ಕಲಿಸಿದ್ದು ಪಕ್ಕದ ಮನೆಯ ಪ್ರತಿಭಾ, ಬನವಾಸಿ ಕಡೆಯವಳು. "ಕೊಯ್ದ ಜಾಗಕ್ಕ ದಾಲ್ಚಿನ್ನಿ ಪುಡಿ ಒತ್ರಿ ಅಕ್ಕಾ. ಬೇರಿಗೆ ಮಾತ್ರ ತಾಗಸಬ್ಯಾಡ್ರಿ, ಒಣಗಿಬಿಡತಾವ" ಎಂದಳು. ಹಾಗೇ ಒತ್ತಿದೆ, ಗಾಯ ಆರುವವರೆಗೆ ನೀರು ಮುಟ್ಟಿಸಲಿಲ್ಲ.

ಏನೇ ಆದರೂ ನಿನ್ನ ಗಂಡನ ಕೈಗೆ ಕೊಡಬೇಡ. ಕೊಳೆ ಎಂಬ ಶಬ್ದ ಕೇಳಿದ್ದೇ ತಡ, ನಮ್ಮಲ್ಲಿ ಇವರು ಅಣ್ಣನ ತೋಟಕ್ಕೆ ಹೋಗಿ ಅಡಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ನೀರು ಒಂದು ಕ್ಯಾನು ತಂದರು. "ಕೊಳೆ ಹೇಳಾದ್ಮೇಲೆ ಮದ್ದು ಒಂದೇಯ. ಅಡಕೆಗೆ ಆಗ್ತು, ಇದಕ್ಕೆ ಎಂತಕ್ಕೆ ಆಗ್ತಿಲ್ಲೆ?" ಎಂದರು. ನಾನು ಅಡ್ಡ ನಿಂತು, ಮೊದಲು ಬೇರೆ ಎರಡು ಕುಂಡಕ್ಕೆ ಹೊಡೆದು ನೋಡಿ ಎಂದೆ. ಅವುಗಳ ಎಲೆ ಸುಟ್ಟು ಉದುರಿತು. ಇವರು ಎರಡು ದಿನ ಪೇಪರಿನ ಮರೆಯಲ್ಲೇ ಕಾಫಿ ಕುಡಿದರು. ಈಗ ಭೂತಕನ್ನಡಿ ಹಿಡಿದು ತಿಗಣೆ ಹುಡುಕುವವರು ಅವರೇ. ಒಂದು ಸಿಕ್ಕರೂ ಒಲೆಯ ಮುಂದಿದ್ದರೂ ನನ್ನನ್ನು ಕೂಗಿ ಕರೆಯುತ್ತಾರೆ.

ತಾಯಿಗಿಡ ಉಳಿಯಿತು ಭಾಗಿ. ನಿನ್ನೆ ಹೊಸ ಬೇರಿನ ಹಸಿರು ತುದಿ ಕಂಡಿತು. ಎಷ್ಟು ಸಂತೋಷವಾಯಿತೆಂದರೆ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಸಂಜೆ ಪಾಯಸ ಮಾಡಿದೆ. ಇವರು ಕಾರಣ ಕೇಳದೆ ಎರಡು ಸಲ ಹಾಕಿಸಿಕೊಂಡರು.

ಅತ್ತೆಗೆ ನಮಸ್ಕಾರ ತಿಳಿಸು, ನಿನ್ನ ಮಗ ನಂದನನಿಗೆ ನನ್ನ ಆಶೀರ್ವಾದ. ನಿನ್ನ ಜಗಲಿ ತುಂಬ ಹೂವಾಗಲಿ, ನೀನೂ ನಗುನಗುತ್ತಿರು.

ನಿನ್ನ
ದೇವಕಿ

ತಾ.ಕ.: ಅದು ನನ್ನ ಅಭಿಜ್ಞಾ ಕಾಲೇಜಿನ ಪ್ರವಾಸದಿಂದ ಬರುವಾಗ ತೊಡೆಯ ಮೇಲೆ ಇಟ್ಟುಕೊಂಡು ತಂದ ಗಿಡವೆಂದು ನಿನಗೆ ಗೊತ್ತು. ಗೊತ್ತಿದ್ದೇ ಅದರ ಮರಿ ಒಯ್ದೆ. ಕೇಳಿದರೆ ಅವಳ ಹೆಸರು ಎತ್ತಬೇಕಾಗುತ್ತದೆ, ಎತ್ತಿದರೆ ನಾನು ಅಳುತ್ತೇನೆ ಎಂದು ತಾನೆ ಕದ್ದದ್ದು? ಜ್ವರ ನನ್ನ ಮಗಳನ್ನು ಒಯ್ದು ಎರಡು ವರ್ಷವಾಯಿತು. ಎಲ್ಲರೂ ನಿನ್ನ ಹಾಗೆಯೇ, ಅವಳ ಮಾತು ಬರುವ ಹೊತ್ತಿಗೆ ಮಳೆಯ ಮಾತು ತೆಗೆಯುತ್ತಾರೆ. ಇವರೂ "ಆ ಗಿಡ" ಎನ್ನುತ್ತಾರೆಯೇ ಹೊರತು ಅಭಿಯ ಗಿಡ ಎನ್ನುವುದಿಲ್ಲ. ಅಳು ಬಂದರೆ ಅಳುತ್ತೇನೆ ಭಾಗಿ, ಅತ್ತರೆ ಏನಾಯಿತು. ನಿನ್ನ ಉತ್ತರದಲ್ಲಿ ಗಿಡದ ಸುದ್ದಿ ಎರಡು ಸಾಲು ಸಾಕು. ಅವಳು ರಜೆಗೆ ನಿಮ್ಮಲ್ಲಿ ಬಂದಿದ್ದಾಗ ಏನೇನು ತಂಟೆ ಮಾಡಿದಳು, ಏನು ತಿಂದಳು, ನನ್ನ ಮೇಲೆ ಏನೇನು ದೂರು ಹೇಳಿದಳು, ಅದನ್ನು ಬರೆ. ನನಗೆ ಗೊತ್ತಿಲ್ಲದ್ದನ್ನು ಬರೆ.