ಮಗುವಿನ ವಯಸ್ಸು ಕೇಳಬೇಡಿ, ತೂಕ ನೋಡಿ

ಮೈಸೂರು, ಆಗಸ್ಟ್ ೧೯೬೧

ನಮ್ಮ ಬೀದಿಯ ಕೊನೆಯ ಧರ್ಮಾಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ತುರ್ತು ಚಿಕಿತ್ಸಾ ಕೊಠಡಿಯ ಬಾಗಿಲಿಗೆ ಅಂಟಿಸಿರುವ ಆಜ್ಞೆಯನ್ನು ದಯವಿಟ್ಟು ಕಿತ್ತು ಹಾಕಿಸಿ. "ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನರ ಮರಗಟ್ಟಿಸುವ ಚುಚ್ಚುಮದ್ದನ್ನು ಕೊಡತಕ್ಕದ್ದಲ್ಲ" ಎಂಬ ಆ ಆಜ್ಞೆ ನಿಂತಿರುವುದು ಒಂದು ಸುಳ್ಳಿನ ಮೇಲೆ. ಆ ಸುಳ್ಳನ್ನು ಹೇಳಿದವನು ನಾನು. ಖಾಸಗಿಯಾಗಿ ಬರೆದಿದ್ದರೆ ನಿಮ್ಮ ಗುಮಾಸ್ತರು ಫೈಲಿಗೆ ಸೇರಿಸಿ ಕೈತೊಳೆದುಕೊಳ್ಳುತ್ತಿದ್ದರು, ನಾನೂ ಒಳಗೊಳಗೇ ಅದನ್ನೇ ಬಯಸುತ್ತಿದ್ದೆನೋ ಏನೋ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಅಗ್ರಹಾರದ ಒಂದು ಪ್ರಾಥಮಿಕ ಶಾಲೆಯ ಹೆಡ್‌ಮಾಸ್ಟರು. ಮಕ್ಕಳ ಹುಟ್ಟಿದ ತಾರೀಖು ನನ್ನ ಲೇಖನಿಯಲ್ಲಿದೆ. ಬೇಗ ಶಾಲೆಗೆ ಸೇರಲಿ ಎಂದು ಕೆಲವರ ವಯಸ್ಸು ಏರಿಸಿದ್ದೇನೆ, ಮುಂದೆ ನೌಕರಿಗೆ ಅನುಕೂಲವಾಗಲಿ ಎಂದು ಕೆಲವರದ್ದು ಇಳಿಸಿದ್ದೇನೆ. ಇದು ತಪ್ಪೆಂದು ನಮ್ಮಲ್ಲಿ ಯಾರಿಗೆ ಅನಿಸಿದೆ, ಹೇಳಿ? ತಂದೆತಾಯಿಯರು ಬಂದು, "ಎರಡು ವರ್ಷ ಸೇರಿಸ್ಕೊಂಡು ಬರ್ಕೊಳಿ ಮೇಷ್ಟ್ರೇ" ಅನ್ನುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ನನ್ನ ಮಗಳು ಕಮಲ ನಾಲ್ಕಕ್ಕೇ ಅಕ್ಷರ ಓದಿದಳು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಆರು ಎಂದು ಬರೆದು ಒಂದನೇ ಕ್ಲಾಸಿಗೆ ಕೂರಿಸಿದೆ.

ಕಳೆದ ಫೆಬ್ರವರಿಯಲ್ಲಿ, ಮಧ್ಯಾಹ್ನದ ಊಟವಾದ ಮೇಲೆ, ಅವಳು ಶಾಲೆಯ ಅಂಗಳದ ಸೀಬೆಮರದಿಂದ ಬಿದ್ದಳು. ಮೊಣಕೈ ಮೇಲೆ ಮೂಳೆ ಮುರಿದು ಕೈ ಸೊಟ್ಟಗಾಯಿತು. ನಾನೂ ನಮ್ಮ ಸಹಾಯಕ ಉಪಾಧ್ಯಾಯರಾದ ವೃಷಭೇಂದ್ರಪ್ಪನವರೂ ಅವಳನ್ನು ಜಟಕಾದಲ್ಲಿ ನಿಮ್ಮಲ್ಲಿಗೆ ತಂದೆವು. ಅಂದು ಕೊಠಡಿಯಲ್ಲಿದ್ದವರು ನಿಮ್ಮ ಲೇಡಿ ಡಾಕ್ಟರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ನನ್ನಿಂದ ಆ ಹೆಸರಿಗೆ ಆದದ್ದು ಸಾಕು. ಅವರು ನಿಧಾನವಾಗಿ ಹೇಳಿದರು: "ಮಗು ಈಗಷ್ಟೇ ಊಟ ಮಾಡಿದೆ. ಪ್ರಜ್ಞೆ ತಪ್ಪಿಸುವ ಔಷಧ ಕೊಟ್ಟರೆ ವಾಂತಿಯಾಗಿ ಶ್ವಾಸಕ್ಕೆ ಹೋದೀತು. ಕಂಕುಳಲ್ಲಿ ನರದ ಹತ್ತಿರ ಚುಚ್ಚಿ ಕೈಯೊಂದನ್ನೇ ಮರಗಟ್ಟಿಸೋಣ. ವಯಸ್ಸೆಷ್ಟು?"

"ಎಂಟು" ಎಂದೆ.

ಯಾಕೆ ಎಂದೆ? ಪಕ್ಕದಲ್ಲಿ ವೃಷಭೇಂದ್ರಪ್ಪನವರು ನಿಂತಿದ್ದರು, ಶಾಲೆಯ ರಿಜಿಸ್ಟರು ನೋಡಿದ ಮನುಷ್ಯ. ಅವರೆದುರು ನಿಜ ವಯಸ್ಸು ಆರು ಎಂದರೆ ಹೆಡ್‌ಮಾಸ್ಟರ ಮರ್ಯಾದೆ ಏನಾಗಬೇಕು? ಮಗಳ ಕೈ ಜೋತಾಡುತ್ತಿದೆ, ಅಪ್ಪನಿಗೆ ಮರ್ಯಾದೆಯ ಚಿಂತೆ! ಡಾಕ್ಟರು ಮತ್ತೊಮ್ಮೆ ಮಗುವನ್ನು ನೋಡಿ, "ಎಂಟಕ್ಕೆ ಸಣ್ಣಗಿದ್ದಾಳಲ್ಲ?" ಎಂದರು. ನಾನು, "ನಮ್ಮ ಮನೆತನವೇ ಸಣ್ಣ ಮೈಕಟ್ಟು" ಎಂದುಬಿಟ್ಟೆ. ಅಷ್ಟರಲ್ಲಿ ಓಡಿಬಂದಿದ್ದ ನನ್ನ ಹೆಂಡತಿ ಬಾಯಿ ತೆರೆದಳು. ನಾನು ಕಣ್ಣು ಕೆಕ್ಕರಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

ನಿಮ್ಮ ಗೋಡೆಯ ಮೇಲೆ ಆಗ ಒಂದು ಪಟ್ಟಿಯಿತ್ತು: ಎಂಟು ತುಂಬಿದವರಿಗೆ ದೊಡ್ಡವರ ಅರ್ಧ ಪ್ರಮಾಣ, ಅದಕ್ಕಿಂತ ಚಿಕ್ಕವರಿಗೆ ಕಾಲು. ಡಾಕ್ಟರು ತೂಕದ ಯಂತ್ರ ತರಲು ಆಳನ್ನು ಕಳಿಸಿದರು. ಅವನು ಬರಿಗೈಲಿ ಬಂದ. ಇಡೀ ಆಸ್ಪತ್ರೆಗೆ ಇರುವುದೊಂದೇ ಯಂತ್ರ, ಅದು ಅಡಿಗೆಮನೆಯಲ್ಲಿ, ಕಂಟ್ರಾಕ್ಟರು ತಂದ ಆಲೂಗೆಡ್ಡೆ ತೂಗಲಿಕ್ಕೆ, ಬೀಗದ ಕೈ ಸ್ಟೋರ್‌ಕೀಪರ ಬಳಿ, ಸ್ಟೋರ್‌ಕೀಪರು ಊಟಕ್ಕೆ. ಆಹಾ, ಎಂಥ ಏರ್ಪಾಡು! ಆಲೂಗೆಡ್ಡೆಗೆ ಮೋಸವಾಗದಂತೆ ಎಷ್ಟೊಂದು ಜಾಗ್ರತೆ! ಬೇರೆ ದಾರಿ ಕಾಣದೆ ಅವರು ಪಟ್ಟಿ ನೋಡಿ, ನನ್ನ ಮಾತು ನಂಬಿ, ಅರ್ಧ ಪ್ರಮಾಣ ಕೊಟ್ಟರು.

ಕೈ ಮರಗಟ್ಟಿತು. ಮಗಳು ಅಳು ನಿಲ್ಲಿಸಿ ನಕ್ಕಳು ಕೂಡ. ಆಮೇಲೆ, "ಅಪ್ಪಾ, ನಾಲಿಗೆ ಜುಮ್ ಅಂತಿದೆ" ಎಂದಳು. ಮರುಕ್ಷಣ ಕಣ್ಣು ಮೇಲಕ್ಕೆ ಹೋಗಿ ಮೈಯೆಲ್ಲ ಅದುರತೊಡಗಿತು. ತುಟಿ ನೀಲಿಯಾಯಿತು. ಕಾಲು ಗಂಟೆ ಆ ಹೆಣ್ಣುಮಗಳು ನನ್ನ ಮಗಳ ಉಸಿರು ನಿಲ್ಲದಂತೆ ತಾವೇ ಕಾಪಾಡಿದರು. ಆಮ್ಲಜನಕ ಕೊಟ್ಟರು, ಅದುರುವುದನ್ನು ನಿಲ್ಲಿಸುವ ಔಷಧ ಕೊಟ್ಟರು, ಅವಳ ಮುಖದಿಂದ ಒಮ್ಮೆಯೂ ಕಣ್ಣು ತೆಗೆಯಲಿಲ್ಲ. ನನ್ನ ಮಗಳು ಇವತ್ತು ಎರಡೂ ಕೈಯಲ್ಲಿ ಜಡೆ ಹಾಕಿಕೊಳ್ಳುತ್ತಿದ್ದರೆ ಅದು ಅವರ ದಯೆ. ಎಲ್ಲ ಮುಗಿದ ಮೇಲೆ ಅವರು ಹಣೆ ಒರೆಸಿಕೊಂಡು, "ಮದ್ದು ಹೆಚ್ಚಾಗಿದೆ. ಎಂಟು ವರ್ಷಕ್ಕೆ ಇದು ಹೆಚ್ಚಾಗಬಾರದಿತ್ತು, ಯಾಕಾಯಿತೋ ತಿಳಿಯುತ್ತಿಲ್ಲ" ಎಂದರು. ನನಗೆ ತಿಳಿದಿತ್ತು.

ವಾರದ ಮೇಲೆ ನೀವು ವಿಚಾರಣೆ ನಡೆಸಿದಿರಿ. ನಿಮ್ಮೆದುರು ಕುರ್ಚಿಯಲ್ಲಿ ಕೂತು ಮತ್ತೆ "ಎಂಟು" ಎಂದು ಹೇಳಿ ರುಜು ಹಾಕಿದೆ, ದುಂಡಗೆ, ನನ್ನ ಎಂದಿನ ಕೈಬರಹದಲ್ಲಿ. ಅರ್ಧ ಗಂಟೆಯಲ್ಲಿ ನಿಮ್ಮ ನ್ಯಾಯ ತೀರ್ಮಾನವಾಯಿತು. ಮದ್ದೇ ಮಕ್ಕಳಿಗೆ ಅಪಾಯ, ಡಾಕ್ಟರು ದುಡುಕಿದರು. ಮದ್ದಿಗೆ ನಿಷೇಧ, ಡಾಕ್ಟರಿಗೆ ಸರ್ಟಿಫಿಕೇಟು ಬರೆಯುವ ಮೇಜು. ಒಮ್ಮೆಯಾದರೂ "ಮಗುವಿನ ತೂಕವೆಷ್ಟು?" ಎಂದು ಕೇಳಿದಿರಾ? ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ನೀವು ಕೇಳದಿದ್ದುದಕ್ಕೆ ಅಂದು ದೇವರಿಗೆ ಕೈಮುಗಿದೆನಲ್ಲ, ನನ್ನಂಥ ನಾಚಿಕೆಗೆಟ್ಟವನು ಇನ್ನೊಬ್ಬನಿರಲಾರ.

ಹಾಗೇ ಮುಚ್ಚಿಹೋಗುತ್ತಿತ್ತು. ಹೋದ ವಾರ ನಮ್ಮ ಶಾಲೆಯ ಸಿದ್ದರಾಜು ಮರದಿಂದ ಬಿದ್ದು ಮುಂಗೈ ಮುರಿದುಕೊಂಡ. ಏಳು ವರ್ಷ, ಹೂ ಮಾರುವ ಚೆಲುವಮ್ಮನ ಮಗ. ಅವರ ಜೊತೆ ನಾನೂ ನಿಮ್ಮಲ್ಲಿಗೆ ಬಂದೆ. ಅವನಿಗೂ ಹೊಟ್ಟೆ ತುಂಬಿತ್ತು, ಪ್ರಜ್ಞೆ ತಪ್ಪಿಸುವಂತಿಲ್ಲ. ಕೈ ಮರಗಟ್ಟಿಸೋಣವೆಂದರೆ ಬಾಗಿಲ ಮೇಲೆ ನಿಮ್ಮ ಆಜ್ಞೆ. ಮೂರು ಜನ ಅವನನ್ನು ಅದುಮಿ ಹಿಡಿದರು. "ಮೇಷ್ಟ್ರೇ, ಕಾಲು ಹಿಡ್ಕೊಳಿ" ಎಂದರು. ಹಿಡಿದುಕೊಂಡೆ. ಮೂಳೆ ಎಳೆದು ಕೂಡಿಸುವಾಗ ಹುಡುಗ ನನ್ನ ಮುಖವನ್ನೇ ನೋಡಿ, "ಮೇಷ್ಟ್ರೇ, ಬುಡ್ಸಿ ಮೇಷ್ಟ್ರೇ, ಇನ್ ಮರ ಅತ್ತಕಿಲ್ಲ" ಎಂದು ಕೂಗಿದ. ನಾನೇನೋ ಶಿಕ್ಷೆ ಕೊಡಿಸುತ್ತಿದ್ದೇನೆಂದು ಅವನ ಎಣಿಕೆ. ಹೊರಗೆ ಚೆಲುವಮ್ಮ ಗೋಡೆಗೆ ತಲೆ ಚಚ್ಚಿಕೊಂಡು, "ನೋವಾಗ್ದಂಗೆ ಮಾಡೋ ಸೂಜಿ ಐತಂತಲ್ಲ ಸ್ವಾಮಿ, ಬಡವರ ಮಕ್ಳಿಗೆ ಇಲ್ವಾ?" ಎಂದಳು. ಇದೆ ಕಣಮ್ಮ, ನಾನು ತಪ್ಪಿಸಿದೆ ಎಂದು ಅವಳಿಗೆ ಅಂದೇ ಹೇಳಬೇಕಿತ್ತು.

ಹಜಾರದಲ್ಲಿ ಆ ಲೇಡಿ ಡಾಕ್ಟರು ನಿಂತಿದ್ದರು. ಕೂಗು ಕೇಳಿ ಬಂದಿದ್ದರು, ಆದರೆ ಒಳಗೆ ಬರಲು ಅವರಿಗೆ ಅಪ್ಪಣೆಯಿರಲಿಲ್ಲ. ನನ್ನನ್ನು ಗುರುತಿಸಿ, "ಮಗಳು ಚೆನ್ನಾಗಿದ್ದಾಳಾ?" ಎಂದು ಕೇಳಿದರು. ಅಷ್ಟೇ ಕೇಳಿದ್ದು. ಅವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಮರುದಿನ ಕಮಲಳನ್ನು ದೇವರಾಜ ಮೊಹಲ್ಲಾದ ಬೆಲ್ಲದ ಮಂಡಿಗೆ ಕರೆದುಕೊಂಡು ಹೋದೆ. ಮಂಡಿಯ ಮರಿಸ್ವಾಮಿ, "ಏನ್ ಮೇಷ್ಟ್ರೇ, ಮಗಳನ್ನ ಮಾರಕ್ ತಂದ್ರಾ?" ಎಂದು ನಗುತ್ತಲೇ ಅವಳನ್ನು ತಕ್ಕಡಿಯಲ್ಲಿ ಕೂರಿಸಿದ. ಒಂದೂವರೆ ಮಣಕ್ಕೆ ಒಂದು ಸೇರು ಕಮ್ಮಿ, ಹೊಸ ಲೆಕ್ಕದಲ್ಲಿ ಹದಿನಾರು ಕಿಲೋ ಚಿಲ್ಲರೆ. ಅವಳು ಕಾಲಾಡಿಸುತ್ತಾ ಬೆಲ್ಲದ ಚೂರು ತಿನ್ನುತ್ತಿದ್ದಳು. ಲೆಕ್ಕವೆಲ್ಲ ಅರ್ಧ ನಿಮಿಷದ ಕೆಲಸ.

ಮಾನ್ಯರೇ, ನನ್ನ ತಪ್ಪು ದೊಡ್ಡದು, ನಿಮ್ಮದು ಸಣ್ಣದೇನಲ್ಲ. ಆ ಸೂಜಿ ಅಪಾಯದ್ದು, ನಿಜ, ನನ್ನ ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಬೇಕಾದ್ದು ಮಂಚದ ಪಕ್ಕದಲ್ಲೇ ಒಂದು ತೂಕದ ಯಂತ್ರ, ವಯಸ್ಸಿನ ಪಟ್ಟಿಯ ಬದಲು ತೂಕದ ಪಟ್ಟಿ, ಕೈಗೆ ಸಿಗುವಂತೆ ಆಮ್ಲಜನಕ, ಮಗುವಿನ ಮುಖ ನೋಡುತ್ತಿರಲು ಇನ್ನೊಬ್ಬರು. ನನ್ನಂಥ ಅಪ್ಪಂದಿರು ಸುಳ್ಳು ಹೇಳುತ್ತಾರೆ, ತಕ್ಕಡಿ ಹೇಳುವುದಿಲ್ಲ. ಆಜ್ಞೆ ತೆಗೆಸಿ. ಆ ಡಾಕ್ಟರನ್ನು ಅವರ ಕೊಠಡಿಗೆ ವಾಪಸ್ಸು ಕರೆಯಿರಿ. ಬರುವ ಸೋಮವಾರ ಬೆಳಿಗ್ಗೆ ಶಾಲೆಯ ರಿಜಿಸ್ಟರನ್ನು ಹಿಡಿದು ನಿಮ್ಮ ಕಚೇರಿಗೆ ಬಂದು ನನ್ನ ಹೇಳಿಕೆ ತಿದ್ದಿಸುತ್ತೇನೆ. ಮರಿಸ್ವಾಮಿಯ ತಕ್ಕಡಿಯನ್ನೂ ಗಾಡಿಯಲ್ಲಿ ತರುತ್ತೇನೆ, ನಿಮ್ಮ ಯಂತ್ರ ಬರುವವರೆಗೆ ಇಟ್ಟುಕೊಳ್ಳಿ ಎಂದು ಅವನೇ ಹೇಳಿದ್ದಾನೆ.

ನಿನ್ನೆ ಕಮಲಳಿಗೆ ಎಲ್ಲ ಹೇಳಿದೆ. ಅವಳು ಬೆರಳು ಮಡಿಸಿ ಎಣಿಸಿ, "ಹಾಗಾದ್ರೆ ಆ ಡಾಕ್ಟರಮ್ಮನಿಗೆ ಯಾಕೆ ಬೈದ್ರು ಅಪ್ಪಾ?" ಎಂದು ಕೇಳಿದಳು. ಉತ್ತರ ಇಲ್ಲಿ ಬರೆದಿದ್ದೇನೆ.

ಇಂತಿ,
ಆರು ವರ್ಷದ ಮಗಳ ತಂದೆ,
ಬಿಂದುಮಾಧವ,
ಈ ಪತ್ರ ಅಚ್ಚಾಗುವವರೆಗೆ ಹೆಡ್‌ಮಾಸ್ಟರು