ಇವರ ಎಡಗಾಲು

೧೬ ನವೆಂಬರ್ ೨೦೨೫, ಭಾನುವಾರ

ಕ್ಲಚ್ಚಿನಿಂದ ಗಾಳಿ ತೆಗೆಯುವುದರಲ್ಲೇ ಮಧ್ಯಾಹ್ನವಿಡೀ ಹೋಯಿತು. ಈ ಹಳೆಯ ಕಾರಿನ ಕ್ಲಚ್ ಆಯಿಲ್ ಕೊಳವೆಯಲ್ಲಿ ಗಾಳಿ ಸೇರಿದರೆ ಗೇರೇ ಬೀಳದು. ನಾಳೆ ಬೆಳಗ್ಗೆ ಅಬ್ಬಿಗೆರೆಯ ಅಕ್ಕನನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಕರೆದೊಯ್ಯಬೇಕು.

ಇವರು ಪೆಡಲ್ ಒತ್ತಿ ಹಿಡಿಯಬೇಕು. ಕಾರಿನ ಕೆಳಗೆ ಮಲಗಿದ ನಾನು ಗಾಳಿ ಹೊರಬಿಡುವ ನಿಪ್ಪಲ್ ತಿರುಪನ್ನು ಸಡಿಲಿಸಿ, ಮತ್ತೆ ಬಿಗಿ ಮಾಡಬೇಕು. ಆಮೇಲೆಯೇ ಇವರು ಕಾಲು ತೆಗೆಯಬೇಕು. ಏಳನೆಯ ತರಗತಿಯ ಮಕ್ಕಳಾದರೂ ಒಮ್ಮೆಗೇ ಕಲಿಯುತ್ತಿದ್ದರು. ಆದರೆ ಕೆಳಗಿಟ್ಟ ಬಾಟಲಿಗೆ ಇಳಿಯುವ ಆಯಿಲ್‌ನಲ್ಲಿ ಗುಳ್ಳೆಗಳು ನಿಲ್ಲಲೇ ಇಲ್ಲ.

"ರೀ, ಮತ್ತೆ ಮೊದ್ಲೇ ಕಾಲೆತ್ತಿದ್ರಿ!"

"ಎತ್ತಿಲ್ಲ ಟೀಚರಮ್ಮಾ, ಮಂಡಿ ಕಳಚಿ ಬೀಳೋ ಹಾಗಿದೆ. ಮೇಲೆ ಆಯಿಲ್ ಡಬ್ಬಿ ನೋಡಿದ್ಯಾ?"

"ನೀವು ನಿಮ್ಮ ಕಾಲು ನೋಡ್ಕೊಳ್ಳಿ."

ಇವರು ಕಾಫಿಗೆಂದು ಒಳಗೆ ಹೋದಾಗ ಬಾನೆಟ್ ಎತ್ತಿದೆ. ಕೆಳಗೆ ಆಯಿಲ್ ಇಳಿದಿಳಿದು ಡಬ್ಬಿ ಬರಿದಾಗಿತ್ತು. ಗಾಳಿ ನುಗ್ಗುತ್ತಿದ್ದುದೇ ಅಲ್ಲಿಂದ. ಶುರುವಿನಲ್ಲಿ ಒಮ್ಮೆ ತುಂಬಿಸಿ, ದೂಳು ಬೀಳಬಾರದೆಂದು ಬಾನೆಟ್ ಮುಚ್ಚಿದವಳು ನಾನೇ; ಮತ್ತೆ ತೆರೆದು ನೋಡದವಳೂ ನಾನೇ. ಸದ್ದಿಲ್ಲದೆ ತುಂಬಿಸಿದೆ. ಇವರು ಬಂದು ಹತ್ತು ಸಲ ಒತ್ತಿದ ಮೇಲೆ ಪೆಡಲ್ ಗಟ್ಟಿಯಾಯಿತು.

"ಈಗ ಸರಿಯಾಗಿ ಒತ್ತಿದ್ರಿ" ಎಂದೆ. ಎಂದುಬಿಟ್ಟೆ!

ತಪ್ಪು ಮಾಡಿದವರು ಎದ್ದುನಿಂತು ಒಪ್ಪಿಕೊಳ್ಳಿ ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದ ಬಾಯಿ ಇದು. ಇವರೋ, ಊಟವಾದ ಮೇಲೆ ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಾ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಕಾರ್ ರೆಡಿ ಅಕ್ಕಾ. ನಾನೇ ತಪ್ಪುತಪ್ಪಾಗಿ ಒತ್ತುತ್ತಿದ್ದೆ. ನಿಮ್ ತಂಗಿ ಬೈದು ಬೈದು ಕಲಿಸಿದ್ಳು."

ಇವರ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿದೆ. ಈಗಲೇ ಎದ್ದು ಹೋಗಿ ಹೇಳಬೇಕು. ಇಲ್ಲವಾದರೆ ನಾಳೆ ಕಾರಿನಲ್ಲಿ, ಅಕ್ಕನ ಎದುರಿಗೇ ಒಪ್ಪಿಕೊಳ್ಳಬೇಕಾದೀತು.