ಎಡಗಡೆಯ ಪಿಟೀಲು

ರೀ,

ಹಾಲು ಬಿಸಿಗಿಟ್ಟು ಹಾಡು ಕೇಳುತ್ತಾ ಕೂರಬೇಡಿ. ಮೊನ್ನೆ ಸೀದ ಪಾತ್ರೆ ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಗಿದೆ.

ಎಡಗಡೆ ಸ್ಪೀಕರನ್ನು ರಿಪೇರಿಗೆ ಒಯ್ಯಬೇಡಿ. ಒಂದೇ ಹಾಡಿನ ಐದು ರೆಕಾರ್ಡಿಂಗ್ ತಂದು ಹೋಲಿಸಿ, "ಎಲ್ಲದ್ರಲ್ಲೂ ಎಡಗಡೆ ಪಿಟೀಲು ಮಂಕಾಗಿದೆ ಕಣೇ" ಅಂತ ಗೊಣಗುತ್ತಿದ್ದಿರಲ್ಲ, ನಿನ್ನೆ ನೀವು ಸ್ನಾನಕ್ಕೆ ಹೋದಾಗ ಎರಡೂ ಸ್ಪೀಕರ್ ಅದಲುಬದಲು ಮಾಡಿದೆ. ನೆಲದಲ್ಲಿ ನೀವು ಟೇಪ್ ಅಂಟಿಸಿ ಗುರುತು ಮಾಡಿದ ಜಾಗದಲ್ಲೇ, ನಿಮ್ಮ ಕುರ್ಚಿಯಲ್ಲೇ ಕೂತು ಕೇಳಿದೆ. ಪಿಟೀಲಿನವನು ನನ್ನ ಎಡಗಡೆಗೇ ಬಂದು ನುಡಿಸಿದ ಹಾಗಿತ್ತು. ಆಮೇಲೆ ನೀವು ಬಂದು ಕೂತು ಮತ್ತೆ ಅದೇ ಮಾತು ಹೇಳಿದಿರಿ. ಕೆಟ್ಟಿರುವುದು ಸ್ಪೀಕರ್ ಅಲ್ಲ ರೀ. ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಸಂಜೆ ಐದಕ್ಕೆ ಕಿವಿ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ. ಕೆಲಸ ಮುಗಿಸಿ ನಾನು ನೇರ ಅಲ್ಲಿಗೇ ಬರುತ್ತೇನೆ. "ನಂಗೇನಾಗಿದೆ" ಅಂತ ತಪ್ಪಿಸಿಕೊಳ್ಳಬೇಡಿ.

ಊಟಕ್ಕೆ ನಿಮ್ಮ ಎಡಗಡೆ ಕೂತು ಮಾತಾಡಿ, ಉತ್ತರ ಬರಲಿಲ್ಲ ಅಂತ ಎಷ್ಟು ಸಲ ಮುಖ ಊದಿಸಿಕೊಂಡೆನೋ. ಇವತ್ತು ನನ್ನ ಕುರ್ಚಿಯನ್ನು ನಿಮ್ಮ ಬಲಗಡೆಗೆ ಹಾಕಿದ್ದೇನೆ. ಅದಕ್ಕೂ ನೆಲದಲ್ಲಿ ಟೇಪ್ ಅಂಟಿಸಿ ಗುರುತು ಮಾಡಿಡಿ.